ಚಿಪ್ ಮಾದರಿಯ ಕಿರು ಕ್ರೊಮಾಟೊಗ್ರಫಿ ಸ್ತಂಭಗಳು ಮತ್ತು ರಕ್ತದ ಮಾದರಿಯ ಪರೀಕ್ಷೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ರಕ್ತ, ಮೂತ್ರ, ಜೊಲ್ಲು ಮುಂತಾದ ಜೈವಿಕ ಮಾದರಿಗಳಲ್ಲಿ ಅನೇಕ ಬಗೆಯ ವಸ್ತುಗಳು ಒಟ್ಟಿಗೆ ಬೆರೆತಿರುತ್ತವೆ. ಇವುಗಳ ಪೈಕಿ ಯಾವುದು ಎಷ್ಟು ಪ್ರಮಾಣದಲ್ಲಿದೆ ಎಂಬುದನ್ನು ಅಳೆಯಬೇಕಾದರೆ ಮೊದಲು ಅವುಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸಬೇಕಾಗುತ್ತದೆ. ಹೀಗೆ ಬೇರ್ಪಡಿಸುವ ಪ್ರಮುಖ ವಿಧಾನಕ್ಕೆ ಕ್ರೊಮಾಟೊಗ್ರಫಿ ಅಥವಾ ವರ್ಣರೇಖನ ಎಂದು ಹೆಸರು. ಬೇರ್ಪಡಿಸುವ ಕಾರ್ಯವು ನಡೆಯುವ ಕೊಳವೆಯನ್ನು ಸ್ತಂಭ ಎನ್ನಲಾಗುತ್ತದೆ. ಪ್ರಯೋಗಾಲಯಗಳಲ್ಲಿ ಇದು ಕಾಲಂ ಎಂದೇ ರೂಢಿಯಲ್ಲಿದೆ.

ಈ ಸ್ತಂಭವನ್ನು ಅಂಗೈಯಗಲಕ್ಕಿಂತಲೂ ಚಿಕ್ಕದಾದ ಚಿಪ್‌ನೊಳಗೆ ಅಳವಡಿಸುವ ತಂತ್ರಜ್ಞಾನವು ಕಳೆದ ನಾಲ್ಕು ದಶಕಗಳಲ್ಲಿ ಬೆಳೆದು ಬಂದಿದೆ. ಈ ತಂತ್ರಜ್ಞಾನದ ಸ್ವರೂಪ, ಅದರಿಂದಾಗುವ ಪ್ರಯೋಜನ ಹಾಗೂ ಅದರ ಮಿತಿಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಇದರೊಂದಿಗೆ, ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿ ಭಾಗದ ಹಾಗೂ ನೆರೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸಾರ್ವಜನಿಕರು ರಕ್ತಹೀನತೆಯ ಪರೀಕ್ಷೆಗಾಗಲಿ, ರಕ್ತಸಂಬಂಧಿ ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಲಿ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನೂ ನೀಡಲಾಗಿದೆ.

ಸ್ತಂಭವು ಎಷ್ಟೇ ಚಿಕ್ಕದಾಗಿರಲಿ, ಯಂತ್ರವು ಎಷ್ಟೇ ಸೂಕ್ಷ್ಮವಾಗಿರಲಿ, ಮಾದರಿಯನ್ನು ಸೂಕ್ತ ಸಮಯದಲ್ಲಿ ಸಂಗ್ರಹಿಸದಿದ್ದಲ್ಲಿ ವರದಿಯು ಉಪಯೋಗಕ್ಕೆ ಬಾರದು. ಈ ಅಂಶವನ್ನು ಓದುಗರು ವಿಶೇಷವಾಗಿ ಗಮನಿಸತಕ್ಕದ್ದು.

2. ಸ್ತಂಭವು ಕೆಲಸ ಮಾಡುವ ಬಗೆ

ಮೈಲಾರದ ಜಾತ್ರೆಯಲ್ಲಿ ಒಂದೇ ಸಮಯಕ್ಕೆ ಹೊರಟ ಜನರ ಗುಂಪೊಂದು ಅಂಗಡಿ ಸಾಲಿನ ಬೀದಿಯ ಮೂಲಕ ಸಾಗುವುದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೆಲವರು ಪ್ರತಿಯೊಂದು ಅಂಗಡಿಯ ಮುಂದೆ ನಿಲ್ಲುತ್ತಾರೆ. ಕೆಲವರು ಒಂದೆರಡು ಕಡೆ ಮಾತ್ರ ನಿಲ್ಲುತ್ತಾರೆ. ಇನ್ನು ಕೆಲವರು ಎಲ್ಲಿಯೂ ನಿಲ್ಲದೆ ನೇರವಾಗಿ ಸಾಗುತ್ತಾರೆ. ಬೀದಿಯ ಕೊನೆಯನ್ನು ತಲುಪುವಷ್ಟರಲ್ಲಿ ಒಟ್ಟಿಗೆ ಹೊರಟವರು ಬೇರೆ ಬೇರೆ ಗುಂಪುಗಳಾಗಿರುತ್ತಾರೆ. ಸ್ತಂಭದಲ್ಲಿಯೂ ಇದೇ ನಡೆಯುತ್ತದೆ. ಸ್ತಂಭದ ಒಳಗೆ ತುಂಬಿರುವ ಸೂಕ್ಷ್ಮ ಕಣಗಳು ಅಂಗಡಿಗಳಂತೆಯೂ, ಮಾದರಿಯಲ್ಲಿನ ವಸ್ತುಗಳು ಜನರಂತೆಯೂ, ಅವುಗಳನ್ನು ಮುಂದಕ್ಕೆ ತಳ್ಳುವ ದ್ರಾವಣವು ಜನಪ್ರವಾಹದಂತೆಯೂ ವರ್ತಿಸುತ್ತವೆ. ಕಣಗಳಿಗೆ ಹೆಚ್ಚು ಅಂಟಿಕೊಳ್ಳುವ ವಸ್ತು ತಡವಾಗಿ ಹೊರಬರುತ್ತದೆ. ಕಡಿಮೆ ಅಂಟಿಕೊಳ್ಳುವ ವಸ್ತು ಬೇಗ ಹೊರಬರುತ್ತದೆ. ಯಾವ ನಿಮಿಷದಲ್ಲಿ ಯಾವುದು ಎಷ್ಟು ಹೊರಬಂತು ಎಂಬುದನ್ನು ಯಂತ್ರವು ಏರಿಳಿತದ ರೇಖೆಯಾಗಿ ದಾಖಲಿಸುತ್ತದೆ.

ಈ ವಿಧಾನವನ್ನು 20ನೆಯ ಶತಮಾನದ ಆರಂಭದಲ್ಲಿ ರಷ್ಯಾದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ಸ್ವೆಟ್ ಅವರು ಎಲೆಗಳ ಬಣ್ಣಗಳನ್ನು ಬೇರ್ಪಡಿಸಲು ಬಳಸಿದರು. 1941ರಲ್ಲಿ ಇದರ ಒಂದು ಮುಖ್ಯ ಪ್ರಕಾರವನ್ನು ರೂಪಿಸಿದ ಬ್ರಿಟನ್ನಿನ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಅವರಿಗೆ 1952ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ದ್ರಾವಣವನ್ನು ಅಧಿಕ ಒತ್ತಡದಲ್ಲಿ ಹಾಯಿಸುವ ಯಂತ್ರವನ್ನು ಎಚ್.ಪಿ.ಎಲ್.ಸಿ. ಎಂದು ಕರೆಯಲಾಗುತ್ತದೆ. ಆಸ್ಪತ್ರೆಗಳಲ್ಲಿ ಹಿಮೋಗ್ಲೋಬಿನ್ ಬಗೆಗಳ ಪರೀಕ್ಷೆಗೆ ವ್ಯಾಪಕವಾಗಿ ಬಳಕೆಯಾಗುತ್ತಿರುವುದು ಈ ಯಂತ್ರವೇ ಆಗಿದೆ.

3. ಕರ್ನಾಟಕದಲ್ಲಿ ನಡೆದ ಕಾರ್ಯ

ಜೈವಿಕ ಮಾದರಿಗಳನ್ನು ಬೇರ್ಪಡಿಸುವ ಕಾರ್ಯದಲ್ಲಿ ಕರ್ನಾಟಕಕ್ಕೆ ದೀರ್ಘ ಅನುಭವವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರಜ್ಞರಾದ ಪ್ರೊ. ಎನ್. ಅಪ್ಪಾಜಿ ರಾವ್ ಅವರ ನೇತೃತ್ವದಲ್ಲಿ 1980ರಲ್ಲಿ ನವಜಾತ ಶಿಶುಗಳ ತಪಾಸಣಾ ಕಾರ್ಯಕ್ರಮವು ಆರಂಭವಾಯಿತು. ಸುಮಾರು 1.25 ಲಕ್ಷ ಶಿಶುಗಳ ರಕ್ತವನ್ನು ಇದರಲ್ಲಿ ಪರೀಕ್ಷಿಸಲಾಯಿತು. ಕಾಗದದ ಮೇಲೆ ಒಣಗಿಸಿದ ರಕ್ತದ ಕಲೆಯಿಂದ ಅಮೈನೊ ಆಮ್ಲಗಳನ್ನು ತೆಗೆದು, ತೆಳುಪದರದ ಕ್ರೊಮಾಟೊಗ್ರಫಿಯ ಮೂಲಕ ಬೇರ್ಪಡಿಸಿ, ಹುಟ್ಟಿನಿಂದಲೇ ಬರುವ ಚಯಾಪಚಯ ದೋಷಗಳನ್ನು ಪತ್ತೆ ಹಚ್ಚಲಾಯಿತು. ಭಾರತದಲ್ಲಿ ಈ ಬಗೆಯ ದೊಡ್ಡ ಪ್ರಮಾಣದ ತಪಾಸಣೆಗಳಲ್ಲಿ ಇದು ಮೊದಲಿನದು. ಶಿಶುವಿನಿಂದ ಹೆಚ್ಚು ರಕ್ತ ತೆಗೆಯಲಾಗದು. ಇರುವ ಅಲ್ಪ ಮಾದರಿಯಿಂದಲೇ ಉತ್ತರ ಪಡೆಯಬೇಕು. ಸ್ತಂಭಗಳನ್ನು ಚಿಕ್ಕದಾಗಿಸುವ ಪ್ರಯತ್ನದ ಹಿಂದೆ ಇರುವುದೂ ಇದೇ ಅಗತ್ಯವಾಗಿದೆ.

2014ರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಹಾಗೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಗ್ಗೂಡಿ ಮಾನವ ದೇಹದ ಪ್ರೋಟೀನುಗಳ ಕರಡು ನಕ್ಷೆಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಡಾ. ಅಖಿಲೇಶ್ ಪಾಂಡೆ ಅವರು ಈ ತಂಡದ ಮುಖ್ಯಸ್ಥರಾಗಿದ್ದರು. 30 ಬಗೆಯ ಅಂಗಾಂಶ ಮತ್ತು ಜೀವಕೋಶಗಳನ್ನು ಪರೀಕ್ಷಿಸಿ, 17,294 ಜೀನ್‌ಗಳಿಂದ ಉತ್ಪತ್ತಿಯಾಗುವ ಪ್ರೋಟೀನುಗಳನ್ನು ಗುರುತಿಸಲಾಯಿತು. ಕೂದಲೆಳೆಯಷ್ಟು ಕಿರಿದಾದ ಒಳದಾರಿಯುಳ್ಳ ಸ್ತಂಭಗಳಲ್ಲಿ ಮಾದರಿಯನ್ನು ಬೇರ್ಪಡಿಸಿ, ದ್ರವ್ಯರಾಶಿ ಮಾಪಕ ಯಂತ್ರಕ್ಕೆ ಹಾಯಿಸುವ ಕ್ರಮವನ್ನು ಇಂತಹ ಅಧ್ಯಯನಗಳಲ್ಲಿ ಅನುಸರಿಸಲಾಗುತ್ತದೆ. ಸಿಲಿಕಾನ್ ಮೇಲೆ ಸೂಕ್ಷ್ಮ ರಚನೆಗಳನ್ನು ಕೆತ್ತುವ ಸೌಲಭ್ಯವು ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿದೆ.

4. ಚಿಪ್ ಸ್ತಂಭ ಎಂದರೇನು?

ಸಾಮಾನ್ಯ ಎಚ್.ಪಿ.ಎಲ್.ಸಿ. ಸ್ತಂಭವು ಉಕ್ಕಿನ ಕೊಳವೆಯಾಗಿದ್ದು, ಅದರ ಒಳವ್ಯಾಸವು ಬಹುತೇಕ 4.6 ಮಿಲಿಮೀಟರ್ ಇರುತ್ತದೆ. ಚಿಪ್ ಸ್ತಂಭದಲ್ಲಿ ಕೊಳವೆಗೆ ಬದಲಾಗಿ, ಗಾಜು, ಸಿಲಿಕಾನ್ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಕಿರುಗಾಲುವೆಯನ್ನು ಕೊರೆದು, ಅದರ ಮೇಲೆ ಇನ್ನೊಂದು ಪದರವನ್ನು ಮುಚ್ಚಿ ಬೆಸೆಯಲಾಗಿರುತ್ತದೆ. ಇದರ ಬೆಳವಣಿಗೆಯ ಮುಖ್ಯ ಹಂತಗಳು ಈ ಕೆಳಕಂಡಂತಿವೆ.

(ಅ) 1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅನಿಲಗಳನ್ನು ಬೇರ್ಪಡಿಸುವ 1.5 ಮೀಟರ್ ಉದ್ದದ ಕಾಲುವೆಯನ್ನು 5 ಸೆಂಟಿಮೀಟರ್ ವ್ಯಾಸದ ಸಿಲಿಕಾನ್ ಬಿಲ್ಲೆಯ ಮೇಲೆ ಸುರುಳಿಯಾಗಿ ಕೆತ್ತಲಾಯಿತು.

(ಆ) 1990ರಲ್ಲಿ ಆಂಡ್ರಿಯಾಸ್ ಮಾಂಜ್ ಮತ್ತು ಸಂಗಡಿಗರು ದ್ರವ ಮಾದರಿಗಳಿಗಾಗಿ ಸಿಲಿಕಾನ್ ಚಿಪ್ ಸ್ತಂಭವನ್ನು ರೂಪಿಸಿದರು.

(ಇ) 1998ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫ್ರೆಡ್ ರೆನಿಯೆ ಅವರ ತಂಡವು ಕಣಗಳನ್ನು ತುಂಬುವ ಬದಲು, ಕಾಲುವೆಯೊಳಗೆ ಸಮನಾದ ಅಂತರದಲ್ಲಿ ಕಿರುಗಂಬಗಳನ್ನು ಕೆತ್ತುವ ವಿಧಾನವನ್ನು ಪ್ರಕಟಿಸಿತು.

(ಈ) 2005ರಲ್ಲಿ ಅಜಿಲೆಂಟ್ ಕಂಪನಿಯು ಮಾದರಿಯನ್ನು ಸಾಂದ್ರಗೊಳಿಸುವ ಭಾಗ, ಬೇರ್ಪಡಿಸುವ ಕಾಲುವೆ ಹಾಗೂ ಸಿಂಪಡಿಸುವ ಮೊನೆ ಈ ಮೂರನ್ನೂ ಒಂದೇ ಪ್ಲಾಸ್ಟಿಕ್ ಚಿಪ್‌ನಲ್ಲಿ ಅಳವಡಿಸಿ ಮಾರುಕಟ್ಟೆಗೆ ತಂದಿತು.

(ಉ) ಬೆಲ್ಜಿಯಂನ ಪ್ರೊ. ಗರ್ಟ್ ಡೆಸ್ಮೆಟ್ ಅವರ ಸಂಶೋಧನೆಯನ್ನು ಆಧರಿಸಿ, ಅಲ್ಲಿನ ಫಾರ್ಮಾಫ್ಲೂಯಿಡಿಕ್ಸ್ ಕಂಪನಿಯು ಕಿರುಗಂಬಗಳ ಸ್ತಂಭಗಳನ್ನು ವಾಣಿಜ್ಯ ಪ್ರಮಾಣದಲ್ಲಿ ತಯಾರಿಸಿತು. ಈ ಕಂಪನಿಯನ್ನು 2021ರಲ್ಲಿ ಥರ್ಮೊ ಫಿಶರ್ ಕಂಪನಿಯು ಖರೀದಿಸಿತು.

ಕಿರುಗಂಬಗಳಿಂದಾಗುವ ಪ್ರಯೋಜನವನ್ನು ಹೀಗೆ ತಿಳಿಯಬಹುದು. ಜಲ್ಲಿಯ ರಾಶಿಯ ಮೂಲಕ ಹರಿಯುವ ನೀರಿಗೆ ಒಂದು ಕಡೆ ಹತ್ತಿರದ ದಾರಿ, ಇನ್ನೊಂದು ಕಡೆ ಸುತ್ತುದಾರಿ ಸಿಗುತ್ತದೆ. ಆದ್ದರಿಂದ ಒಟ್ಟಿಗೆ ಹೊರಟ ನೀರು ಒಟ್ಟಿಗೆ ತಲುಪುವುದಿಲ್ಲ. ಸಾಲು ಹಿಡಿದು ನೆಟ್ಟ ತೋಟದಲ್ಲಿ ಎಲ್ಲ ದಾರಿಗಳೂ ಒಂದೇ ಸಮನಾಗಿರುತ್ತವೆ. ಅದರಂತೆ, ಸಮನಾದ ಅಂತರದ ಕಿರುಗಂಬಗಳ ನಡುವೆ ಒಂದೇ ಬಗೆಯ ವಸ್ತುವು ಚದುರದೆ ಒಟ್ಟಾಗಿ ಸಾಗುತ್ತದೆ ಮತ್ತು ಪಕ್ಕದ ವಸ್ತುವಿನಿಂದ ಸ್ಪಷ್ಟವಾಗಿ ಬೇರ್ಪಡುತ್ತದೆ.

5. ಪ್ರಯೋಜನ ಮತ್ತು ಮಿತಿ

4.6 ಮಿಲಿಮೀಟರ್ ಒಳವ್ಯಾಸದ ಸ್ತಂಭಕ್ಕೆ ಹೋಲಿಸಿದಲ್ಲಿ, 75 ಮೈಕ್ರೊಮೀಟರ್ ಒಳವ್ಯಾಸದ ಸ್ತಂಭದ ಅಡ್ಡಕೊಯ್ತದ ವಿಸ್ತೀರ್ಣವು ಸುಮಾರು 3,700 ಪಟ್ಟು ಕಡಿಮೆ. ಮಾದರಿಯು ಅಷ್ಟರಮಟ್ಟಿಗೆ ಕಡಿಮೆ ದ್ರಾವಣದಲ್ಲಿ ಬೆರೆಯುವುದರಿಂದ ಅತ್ಯಲ್ಪ ಪ್ರಮಾಣದ ವಸ್ತುವನ್ನೂ ಗುರುತಿಸಲು ಸಾಧ್ಯವಾಗುತ್ತದೆ. ದ್ರಾವಣದ ವೆಚ್ಚದಲ್ಲಿಯೂ ಉಳಿತಾಯವಿದೆ. ನಿಮಿಷಕ್ಕೆ 1 ಮಿಲಿಲೀಟರ್‌ನಂತೆ ಹರಿಯುವ ಸಾಮಾನ್ಯ ಯಂತ್ರವು 24 ಗಂಟೆಗಳಲ್ಲಿ 1.44 ಲೀಟರ್ ದ್ರಾವಣವನ್ನು ಬಳಸುತ್ತದೆ. ನಿಮಿಷಕ್ಕೆ 0.3 ಮೈಕ್ರೊಲೀಟರ್‌ನಂತೆ ಹರಿಯುವ ಕಿರು ಸ್ತಂಭಕ್ಕೆ ಅಷ್ಟೇ ಅವಧಿಯಲ್ಲಿ ಅರ್ಧ ಮಿಲಿಲೀಟರ್‌ಗಿಂತಲೂ ಕಡಿಮೆ ದ್ರಾವಣ ಸಾಕಾಗುತ್ತದೆ.

ಮಿತಿಗಳೂ ಇವೆ. ಕಿರುಗಾಲುವೆಯು ರಕ್ತದ ಸಣ್ಣ ಹೆಪ್ಪಿನಿಂದಲೂ ಕಟ್ಟಿಕೊಳ್ಳಬಹುದಾದ್ದರಿಂದ ಮಾದರಿಯನ್ನು ಮುಂಚಿತವಾಗಿ ಶುದ್ಧಗೊಳಿಸಬೇಕಾಗುತ್ತದೆ. ಇದಕ್ಕೆ ಜೋಡಿಸುವ ದ್ರವ್ಯರಾಶಿ ಮಾಪಕವು ಅತ್ಯಂತ ದುಬಾರಿಯಾದದ್ದು ಮತ್ತು ನುರಿತ ಸಿಬ್ಬಂದಿಯನ್ನು ಬೇಡುತ್ತದೆ. ಈ ಕಾರಣಗಳಿಂದ ಚಿಪ್ ಸ್ತಂಭಗಳು ಮುಖ್ಯವಾಗಿ ಸಂಶೋಧನಾ ಸಂಸ್ಥೆಗಳಲ್ಲಿ ಹಾಗೂ ಔಷಧ ಕಂಪನಿಗಳಲ್ಲಿ ಬಳಕೆಯಲ್ಲಿವೆ. ಹಿಮೋಗ್ಲೋಬಿನ್ ಪರೀಕ್ಷೆಗೆ ಸಾಮಾನ್ಯ ಗಾತ್ರದ ಸ್ತಂಭವುಳ್ಳ ಎಚ್.ಪಿ.ಎಲ್.ಸಿ. ಯಂತ್ರವೇ ಸಾಕಾಗುತ್ತದೆ. ಈ ಪರೀಕ್ಷೆಗಾಗಿ ಚಿಪ್ ಸ್ತಂಭವಿರುವ ಪ್ರಯೋಗಾಲಯವನ್ನು ಹುಡುಕಿಕೊಂಡು ಹೋಗುವ ಅವಶ್ಯಕತೆ ಇರುವುದಿಲ್ಲ.

ಚಿಪ್ ಸ್ತಂಭಕ್ಕೆ ಹತ್ತಿರದ ಇನ್ನೊಂದು ವಿಧಾನವು ರೋಗಿಯ ಸಮೀಪಕ್ಕೆ ಬಂದಿದೆ. ಅಂಗೈಯಲ್ಲಿ ಹಿಡಿಯಬಹುದಾದ ಚಿಪ್‌ನೊಳಗೆ ವಿದ್ಯುತ್ತಿನ ಸಹಾಯದಿಂದ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸುವ ಉಪಕರಣವನ್ನು ಜಬಲ್‌ಪುರದ ಸರ್ಕಾರಿ ಬುಡಕಟ್ಟು ಆರೋಗ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕುಡಗೋಲು ಕಣ ರಕ್ತಹೀನತೆಯ ಪತ್ತೆಗಾಗಿ ಪರಿಶೀಲಿಸಿ, 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ್ದಾರೆ. ಈ ಕಾಯಿಲೆಯನ್ನು 2047ರೊಳಗೆ ನಿರ್ಮೂಲನಗೊಳಿಸುವ ರಾಷ್ಟ್ರೀಯ ಅಭಿಯಾನವು 2023ರ ಜುಲೈ 1ರಂದು ಆರಂಭವಾಗಿದ್ದು, ಅದರ ವ್ಯಾಪ್ತಿಗೆ ಬರುವ 17 ರಾಜ್ಯಗಳಲ್ಲಿ ಕರ್ನಾಟಕವೂ ಸೇರಿದೆ.

6. ಹಿಮೋಗ್ಲೋಬಿನ್ ಬಗೆಗಳ ಪರೀಕ್ಷೆ ಯಾರಿಗೆ ಅಗತ್ಯ?

ವಯಸ್ಕರ ರಕ್ತದಲ್ಲಿ ಹಿಮೋಗ್ಲೋಬಿನ್ ಎ ಎಂಬ ಬಗೆಯೇ ಬಹುಪಾಲು ಇರುತ್ತದೆ. ಹಿಮೋಗ್ಲೋಬಿನ್ ಎ2 ಎಂಬ ಬಗೆಯು ಸಾಮಾನ್ಯವಾಗಿ ಶೇ. 2ರಿಂದ 3.5ರಷ್ಟು ಇರುತ್ತದೆ. ಇದು ಶೇ. 3.5 ಅಥವಾ 4ನ್ನು ಮೀರಿದಲ್ಲಿ ಆ ವ್ಯಕ್ತಿಯು ಬೀಟಾ ಥಲಸ್ಸೇಮಿಯಾ ಕಾಯಿಲೆಯ ವಾಹಕರಾಗಿರುವ ಸಂಭವವಿರುತ್ತದೆ. ವಾಹಕರು ಆರೋಗ್ಯವಂತರೇ ಆಗಿರುತ್ತಾರೆ. ಆದರೆ ಪತಿ-ಪತ್ನಿ ಇಬ್ಬರೂ ವಾಹಕರಾಗಿದ್ದಲ್ಲಿ, ಪ್ರತಿಯೊಂದು ಗರ್ಭಧಾರಣೆಯಲ್ಲಿಯೂ ಮಗುವಿಗೆ ತೀವ್ರ ಸ್ವರೂಪದ ಕಾಯಿಲೆ ಬರುವ ಸಂಭವ ಶೇ. 25ರಷ್ಟಿರುತ್ತದೆ. ಅಂತಹ ಮಗುವಿಗೆ ಬಾಲ್ಯದಿಂದಲೇ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಹಾಕಿಸಬೇಕಾಗುತ್ತದೆ. ಈ ಭಾಗದಲ್ಲಿ ಸೋದರ ಸಂಬಂಧದ ವಿವಾಹಗಳು ರೂಢಿಯಲ್ಲಿದ್ದು, ಒಂದೇ ಮನೆತನದ ಇಬ್ಬರು ವಾಹಕರು ವಿವಾಹವಾಗುವ ಸಾಧ್ಯತೆ ಹೆಚ್ಚಿರುವುದರಿಂದ ಈ ಅಂಶವನ್ನು ಗಮನದಲ್ಲಿಡತಕ್ಕದ್ದು.

ಈ ಕೆಳಕಂಡವರು ವೈದ್ಯರ ಸಲಹೆ ಪಡೆದು ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.

1) ಕಬ್ಬಿಣಾಂಶದ ಮಾತ್ರೆಗಳನ್ನು ಕ್ರಮವಾಗಿ ಸೇವಿಸಿದರೂ ರಕ್ತಹೀನತೆ ಗುಣವಾಗದವರು.
2) ರಕ್ತಕಣಗಳ ಗಾತ್ರ ಕಡಿಮೆ ಇದೆಯೆಂದು ರಕ್ತದ ಎಣಿಕೆಯ ವರದಿಯಲ್ಲಿ ನಮೂದಾಗಿರುವ ಗರ್ಭಿಣಿಯರು. ಪತ್ನಿ ವಾಹಕಳೆಂದು ತಿಳಿದುಬಂದಲ್ಲಿ ಪತಿಯೂ ವಿಳಂಬವಿಲ್ಲದೆ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.
3) ತೀವ್ರ ರಕ್ತಹೀನತೆ ಇರುವ ಎಳೆಯ ಮಕ್ಕಳು.
4) ಥಲಸ್ಸೇಮಿಯಾ ಅಥವಾ ಕುಡಗೋಲು ಕಣ ಕಾಯಿಲೆ ಇರುವವರ ಒಡಹುಟ್ಟಿದವರು ಮತ್ತು ಹತ್ತಿರದ ಬಂಧುಗಳು.

7. ಮಾದರಿ ನೀಡುವಾಗ ಪಾಲಿಸಬೇಕಾದ ಅಂಶಗಳು

7.1 ರಕ್ತ ಹಾಕಿಸುವ ಮುನ್ನವೇ ಮಾದರಿ: ತೀವ್ರ ರಕ್ತಹೀನತೆಯಿಂದ ಆಸ್ಪತ್ರೆಗೆ ಬಂದ ಮಗುವಿಗೆ ತುರ್ತಾಗಿ ರಕ್ತ ಹಾಕಬೇಕಾಗಿ ಬರುತ್ತದೆ. ರಕ್ತ ಹಾಕಿದ ನಂತರ ತೆಗೆದ ಮಾದರಿಯಲ್ಲಿ ದಾನಿಯ ರಕ್ತಕಣಗಳೂ ಸೇರಿರುತ್ತವೆ. ಸ್ತಂಭವು ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸುತ್ತದೆಯೇ ಹೊರತು, ಯಾವುದು ಮಗುವಿನದು, ಯಾವುದು ದಾನಿಯದು ಎಂಬುದನ್ನು ತಿಳಿಸಲಾರದು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನಗಳಾದ್ದರಿಂದ ನಂತರದ ಪರೀಕ್ಷೆಗೆ ಸಾಮಾನ್ಯವಾಗಿ ಮೂರು ತಿಂಗಳು ಕಾಯಬೇಕಾಗುತ್ತದೆ. ಪದೇ ಪದೇ ರಕ್ತ ಬೇಕಾಗುವ ಮಗು ಅಷ್ಟು ಕಾಲ ಕಾಯಲಾರದು. ಆದುದರಿಂದ ರಕ್ತ ಹಾಕುವ ಮುನ್ನ ಪರೀಕ್ಷೆಗೆ ಮಾದರಿ ತೆಗೆದಿರಿಸಲಾಗಿದೆಯೇ ಎಂದು ಪೋಷಕರು ವೈದ್ಯರನ್ನು ವಿಚಾರಿಸತಕ್ಕದ್ದು. ಆದರೆ ಈ ಕಾರಣಕ್ಕಾಗಿ ತುರ್ತು ಚಿಕಿತ್ಸೆಯನ್ನು ಮುಂದೂಡಬಾರದು. ಈಗಾಗಲೇ ರಕ್ತ ಹಾಕಿಸಿದ್ದಲ್ಲಿ ತಂದೆ-ತಾಯಿಯರ ರಕ್ತಪರೀಕ್ಷೆ ಅಥವಾ ಡಿ.ಎನ್.ಎ. ಪರೀಕ್ಷೆಯ ಮೂಲಕ ನಿರ್ಧಾರಕ್ಕೆ ಬರಲು ಅವಕಾಶವಿದೆ.

7.2 ಶಿಶುಗಳ ವಯಸ್ಸು: ನವಜಾತ ಶಿಶುವಿನ ರಕ್ತದಲ್ಲಿ ಹಿಮೋಗ್ಲೋಬಿನ್ ಎಫ್ ಎಂಬ ಬಗೆಯು ಸಹಜವಾಗಿಯೇ ಅಧಿಕವಾಗಿರುತ್ತದೆ. ಮೊದಲ ವರ್ಷದಲ್ಲಿ ಬಂದ ವರದಿಯನ್ನು ವೈದ್ಯರು ವಯಸ್ಸಿಗೆ ಅನುಗುಣವಾಗಿ ಅರ್ಥೈಸುತ್ತಾರೆ. ಅಗತ್ಯವಿದ್ದಲ್ಲಿ ಮರುಪರೀಕ್ಷೆಗೆ ಸೂಚಿಸುತ್ತಾರೆ. ಆದುದರಿಂದ ಮಗುವಿನ ಜನ್ಮದಿನಾಂಕವನ್ನು ಸರಿಯಾಗಿ ನಮೂದಿಸತಕ್ಕದ್ದು.

7.3 ಕಬ್ಬಿಣಾಂಶದ ಕೊರತೆ: ಕಬ್ಬಿಣಾಂಶದ ತೀವ್ರ ಕೊರತೆ ಇದ್ದಲ್ಲಿ ಹಿಮೋಗ್ಲೋಬಿನ್ ಎ2 ಪ್ರಮಾಣವು ತಗ್ಗಿ, ವಾಹಕರೂ ಸಾಮಾನ್ಯರಂತೆ ಕಾಣಬಹುದು. ಸೇವಿಸುತ್ತಿರುವ ಮಾತ್ರೆಗಳ ವಿವರವನ್ನು ವೈದ್ಯರಿಗೆ ತಿಳಿಸತಕ್ಕದ್ದು.

7.4 ಮಾದರಿಯ ಗುರುತು: ಹೆಸರು, ವಯಸ್ಸು ಮತ್ತು ದಿನಾಂಕವನ್ನು ಬರೆದ ಚೀಟಿಯನ್ನು ತಮ್ಮ ಎದುರಿನಲ್ಲಿಯೇ ರಕ್ತದ ಟ್ಯೂಬಿಗೆ ಅಂಟಿಸಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಒಂದೇ ಊರಿನಲ್ಲಿ ಒಂದೇ ಹೆಸರಿನ ಹಲವರು ಇರುವುದರಿಂದ ತಂದೆಯ ಅಥವಾ ಪತಿಯ ಹೆಸರನ್ನೂ ಬರೆಸುವುದು ಸೂಕ್ತ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಎಚ್.ಪಿ.ಎಲ್.ಸಿ. ಯಂತ್ರ ಇರುವುದಿಲ್ಲ. ಅಲ್ಲಿನ ವೈದ್ಯಾಧಿಕಾರಿಗಳು ಅಗತ್ಯವಿರುವವರನ್ನು ತಾಲ್ಲೂಕು ಆಸ್ಪತ್ರೆಗೆ ಅಥವಾ ಮೇಲಿನ ಹಂತದ ಆಸ್ಪತ್ರೆಗೆ ಶಿಫಾರಸು ಮಾಡುತ್ತಾರೆ. ಶಿಫಾರಸು ಪತ್ರ, ಗುರುತಿನ ಚೀಟಿ, ಹಿಂದಿನ ರಕ್ತಪರೀಕ್ಷೆಯ ವರದಿಗಳು ಹಾಗೂ ರಕ್ತ ಹಾಕಿಸಿದ ದಿನಾಂಕಗಳ ವಿವರವನ್ನು ಕೊಂಡೊಯ್ಯತಕ್ಕದ್ದು. ಪ್ರಯಾಣಿಸುವ ಮುನ್ನ ಸದರಿ ಆಸ್ಪತ್ರೆಯಲ್ಲಿ ಪರೀಕ್ಷೆಯ ಲಭ್ಯತೆ ಮತ್ತು ಮಾದರಿ ಸ್ವೀಕರಿಸುವ ವೇಳೆಯನ್ನು ವಿಚಾರಿಸಿಕೊಂಡಲ್ಲಿ ಒಂದು ದಿನದ ಕೂಲಿ ಮತ್ತು ಬಸ್ಸಿನ ವೆಚ್ಚವು ವ್ಯರ್ಥವಾಗುವುದು ತಪ್ಪುತ್ತದೆ.

8. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಪಟ್ಟಿ ಮಾಡಲಾದ 21 ಅಂಗವೈಕಲ್ಯಗಳಲ್ಲಿ ಥಲಸ್ಸೇಮಿಯಾ, ಹಿಮೊಫಿಲಿಯಾ ಮತ್ತು ಕುಡಗೋಲು ಕಣ ಕಾಯಿಲೆಗಳು ಸೇರಿವೆ. ಈ ಕಾಯಿಲೆ ಇರುವವರು ಸ್ವಾವಲಂಬನ್ ಜಾಲತಾಣದ ಮೂಲಕ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗಾಗಿ ಅರ್ಜಿ ಸಲ್ಲಿಸಬಹುದು. ಥಲಸ್ಸೇಮಿಯಾ ಮತ್ತು ಕುಡಗೋಲು ಕಣ ಕಾಯಿಲೆಗಳನ್ನು ದೃಢಪಡಿಸುವಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಯ ವರದಿಯು ಮುಖ್ಯ ಆಧಾರವಾಗಿರುತ್ತದೆ. ಆದುದರಿಂದ ರಕ್ತ ಹಾಕಿಸುವ ಮುನ್ನ ಮಾಡಿಸಿದ ಮೊದಲ ವರದಿಯ ಮೂಲ ಪ್ರತಿಯನ್ನು ಜೋಪಾನವಾಗಿ ಇರಿಸಿಕೊಂಡು, ಅರ್ಜಿಯೊಂದಿಗೆ ನಕಲು ಪ್ರತಿಯನ್ನು ಮಾತ್ರ ಸಲ್ಲಿಸುವುದು ಸೂಕ್ತ. ವರದಿಯಲ್ಲಿನ ಹೆಸರು ಆಧಾರ್ ಚೀಟಿಯಲ್ಲಿನ ಹೆಸರಿಗೆ ತಾಳೆಯಾಗುವಂತೆ ಪರೀಕ್ಷೆಯ ಸಮಯದಲ್ಲಿಯೇ ಬರೆಸಿಕೊಳ್ಳತಕ್ಕದ್ದು. ಕೇವಲ ವಾಹಕರಾಗಿರುವವರನ್ನು ಅಂಗವಿಕಲರೆಂದು ಪರಿಗಣಿಸಲಾಗುವುದಿಲ್ಲ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈ ಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಬರಬೇಕೆ?
ಉತ್ತರ: ಅಗತ್ಯವಿಲ್ಲ. ಊಟವಾದ ನಂತರವೂ ಮಾದರಿ ನೀಡಬಹುದು.

ಪ್ರಶ್ನೆ: ಒಂದು ಹನಿ ರಕ್ತದಿಂದ ಎಲ್ಲ ಕಾಯಿಲೆಗಳನ್ನೂ ತಿಳಿಯಬಹುದೆಂಬ ಜಾಹೀರಾತುಗಳು ನಿಜವೆ?
ಉತ್ತರ: ನಿಜವಲ್ಲ. ಒಂದೊಂದು ಪರೀಕ್ಷೆಯೂ ಒಂದು ನಿರ್ದಿಷ್ಟ ವಸ್ತುವನ್ನು ಅಥವಾ ವಸ್ತುಗಳ ಗುಂಪನ್ನು ಮಾತ್ರ ಅಳೆಯುತ್ತದೆ. ಬೆರಳ ತುದಿಯ ಕೆಲವೇ ಹನಿಗಳಿಂದ ಅನೇಕ ಪರೀಕ್ಷೆಗಳನ್ನು ಮಾಡುವುದಾಗಿ ಪ್ರಚಾರ ಮಾಡಿದ್ದ ಅಮೆರಿಕದ ಥೆರಾನೋಸ್ ಕಂಪನಿಯು 2018ರಲ್ಲಿ ಮುಚ್ಚಿತು. ಅದರ ಸ್ಥಾಪಕಿಯು ಹೂಡಿಕೆದಾರರನ್ನು ವಂಚಿಸಿದ್ದಾರೆಂದು ಅಲ್ಲಿನ ನ್ಯಾಯಾಲಯದಲ್ಲಿ 2022ರಲ್ಲಿ ತೀರ್ಮಾನವಾಯಿತು. ವೈದ್ಯರ ಶಿಫಾರಸು ಇಲ್ಲದೆ ಇಂತಹ ಪರೀಕ್ಷೆಗಳಿಗೆ ಹಣ ಪಾವತಿಸದಿರುವುದು ಸೂಕ್ತ.

ಪ್ರಶ್ನೆ: ಮಧುಮೇಹದ ಮೂರು ತಿಂಗಳ ಸರಾಸರಿ ಪರೀಕ್ಷೆಯೂ ಇದೇ ಆಗಿದೆಯೆ?
ಉತ್ತರ: ಆ ಪರೀಕ್ಷೆಯನ್ನೂ ಎಚ್.ಪಿ.ಎಲ್.ಸಿ. ಯಂತ್ರದಲ್ಲಿ ಮಾಡಬಹುದಾಗಿದೆ, ಆದರೆ ಅಳೆಯುವ ಅಂಶ ಬೇರೆ. ಸಕ್ಕರೆಯು ಅಂಟಿಕೊಂಡಿರುವ ಹಿಮೋಗ್ಲೋಬಿನ್ನಿನ ಪ್ರಮಾಣವನ್ನು ಅದರಲ್ಲಿ ತಿಳಿಯಲಾಗುತ್ತದೆ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಹಾಗೂ ಥಲಸ್ಸೇಮಿಯಾ ಮುಂತಾದ ಹಿಮೋಗ್ಲೋಬಿನ್ ದೋಷ ಉಳ್ಳವರಲ್ಲಿ ಅದರ ಫಲಿತಾಂಶವು ದಾರಿ ತಪ್ಪಿಸಬಹುದು.

ಪ್ರಶ್ನೆ: ವಾಹಕರೆಂದು ತಿಳಿದುಬಂದವರು ವಿವಾಹವಾಗಬಾರದೆ?
ಉತ್ತರ: ಅಂತಹ ನಿರ್ಬಂಧವಿಲ್ಲ. ವರ ಅಥವಾ ವಧುವಿನ ಪೈಕಿ ಒಬ್ಬರು ಮಾತ್ರ ವಾಹಕರಾಗಿದ್ದಲ್ಲಿ ಮಗುವಿಗೆ ತೀವ್ರ ಥಲಸ್ಸೇಮಿಯಾ ಬರುವ ಭಯವಿರುವುದಿಲ್ಲ. ಆದರೆ ಇನ್ನೊಬ್ಬರಲ್ಲಿ ಬೇರೆ ಹಿಮೋಗ್ಲೋಬಿನ್ ದೋಷವಿಲ್ಲ ಎಂಬುದನ್ನು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಇಬ್ಬರೂ ವಾಹಕರಾಗಿದ್ದಲ್ಲಿ ತಜ್ಞರ ಸಮಾಲೋಚನೆ ಪಡೆಯತಕ್ಕದ್ದು.

ಪ್ರಶ್ನೆ: ಗರ್ಭದಲ್ಲಿರುವ ಮಗುವಿಗೆ ಈ ಕಾಯಿಲೆ ಇದೆಯೇ ಎಂದು ತಿಳಿಯಬಹುದೆ?
ಉತ್ತರ: ತಿಳಿಯಬಹುದು. ಹಿಮೋಗ್ಲೋಬಿನ್ ದೋಷಗಳ ಪತ್ತೆಗಾಗಿ ನೋಂದಾಯಿತ ಕೇಂದ್ರಗಳಲ್ಲಿ ಪರೀಕ್ಷೆ ನಡೆಸಲು 1994ರ ಪ್ರಸವಪೂರ್ವ ಪತ್ತೆ ತಂತ್ರಗಳ ಕಾಯ್ದೆಯು ಅವಕಾಶ ನೀಡುತ್ತದೆ. ಭ್ರೂಣದ ಲಿಂಗ ಪತ್ತೆಯು ಇದೇ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧವಾಗಿದೆ. ಈ ಪರೀಕ್ಷೆಯನ್ನು ಗರ್ಭಧಾರಣೆಯ ಮೊದಲ ತಿಂಗಳುಗಳಲ್ಲಿಯೇ ಮಾಡಬೇಕಾಗಿರುವುದರಿಂದ, ಗರ್ಭಿಣಿಯರು ಆರಂಭದಲ್ಲಿಯೇ ಹೆಸರು ನೋಂದಾಯಿಸಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವಂತೆ ಕೋರಲಾಗಿದೆ.

10. ಸೂಚನೆ

ಈ ಪುಟದಲ್ಲಿನ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ವರದಿಯಲ್ಲಿನ ಒಂದು ಅಂಕಿಯನ್ನು ಮಾತ್ರ ನೋಡಿ ಸ್ವತಃ ತೀರ್ಮಾನಕ್ಕೆ ಬರಬಾರದು. ರಕ್ತದ ಎಣಿಕೆ, ವಯಸ್ಸು ಹಾಗೂ ಚಿಕಿತ್ಸೆಯ ವಿವರಗಳೊಂದಿಗೆ ವೈದ್ಯರು ವರದಿಯನ್ನು ಪರಿಶೀಲಿಸಿದ ನಂತರವೇ ಮುಂದಿನ ಕ್ರಮ ಕೈಗೊಳ್ಳತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.